ನಿಘಂಟು ಬರೆದ ಕಿಟ್ಟೆಲ್ ಸಾಹೇಬರು



ಪಾಠದಲ್ಲಿ ಕಷ್ಟವಾದ ಪದ ಬಂದರೆ ನಾವು ಏನು ಮಾಡುತ್ತೇವೆ? ಮೇಷ್ಟ್ರನ್ನು ಕೇಳುತ್ತೇವೆ. ಮೇಷ್ಟ್ರಿಗೂ ಅನುಮಾನ ಬಂದರೆ ಅವರು ಬೀರು ತೆಗೆದು ನಿಘಂಟು ನೋಡುತ್ತಾರೆ. ನಿಘಂಟಿನಲ್ಲಿ ಎಲ್ಲಾ ಪದಗಳೂ ಅ ಆ ಇ ಈ ಸಾಲಿನಲ್ಲಿ ಇರುತ್ತವೆ. ಅವೇನು ತಾವಾಗಿಯೇ ಬಂದು ಸಾಲಾಗಿ ಕೂತವಾ? ಇಲ್ಲ. ಯಾರೋ ಒಬ್ಬರು ಒಂದೊಂದೇ ಪದವನ್ನು ಹುಡುಕಿ, ಅರ್ಥ ಕೇಳಿ, ಬರೆದು, ಜೋಡಿಸಿ ಇಟ್ಟಿರಬೇಕು. ಹಾಗೆ ಕನ್ನಡಕ್ಕಾಗಿ ಕಣ್ಣು ಸವೆಸಿಕೊಂಡು ದುಡಿದವರು ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲ್. ಅವರು ಕನ್ನಡದವರಲ್ಲ, ಭಾರತದವರೂ ಅಲ್ಲ, ಜರ್ಮನಿ ದೇಶದವರು. ಕ್ರೈಸ್ತ ಧರ್ಮ ಪ್ರಚಾರಕ್ಕೆ ಅಂತ ಬಂದವರು. ಅಂಥವರು ನಮ್ಮ ಭಾಷೆಯ ಕೆಲಸ ಯಾಕೆ ಮಾಡಿದರು, ಹೇಗೆ ಮಾಡಿದರು ಎಂಬುದನ್ನು ಈ ಲೇಖನದಲ್ಲಿ ಬರೆದಿದ್ದೇನೆ.

ಹುಟ್ಟು ಮತ್ತು ಬಾಲ್ಯ

ಕಿಟ್ಟೆಲ್ ಅವರು 1832ನೇ ಇಸವಿ ಏಪ್ರಿಲ್ 7ರಂದು ಜರ್ಮನಿಯ ಉತ್ತರ ಭಾಗದ ರೆಸ್ಟರ್‌ಹಾಫೆ ಎಂಬ ಸಣ್ಣ ಊರಿನಲ್ಲಿ ಹುಟ್ಟಿದರು. ಆ ಸೀಮೆ ಸಮುದ್ರಕ್ಕೆ ಹತ್ತಿರ. ಅವರ ತಂದೆ ಅಲ್ಲಿನ ಚರ್ಚಿನಲ್ಲಿ ಪಾದ್ರಿಯಾಗಿದ್ದರು. ಮನೆಯಲ್ಲಿ ದೇವರ ಭಯ, ಶಿಸ್ತು, ಓದು ಎಲ್ಲಾ ಇತ್ತು. ಕಿಟ್ಟೆಲ್ಲರಿಗೆ ಚಿಕ್ಕಂದಿನಿಂದಲೂ ಭಾಷೆ ಕಲಿಯುವುದೆಂದರೆ ಆಸೆ. ಲ್ಯಾಟಿನ್, ಗ್ರೀಕ್, ಹೀಬ್ರೂ, ಫ್ರೆಂಚ್, ಇಂಗ್ಲಿಷ್ ಇಷ್ಟನ್ನೂ ಕಲಿತರು. ನಮಗೆ ಮೂರು ಭಾಷೆ ಕಲಿಯುವಷ್ಟರಲ್ಲಿ ಸಾಕುಸಾಕಾಗುತ್ತೆ!

1850ರಲ್ಲಿ, ಹದಿನೆಂಟನೇ ವಯಸ್ಸಿನಲ್ಲಿ, ಅವರು ಸ್ವಿಟ್ಜರ್ಲೆಂಡ್ ದೇಶದ ಬಾಸೆಲ್ ಎಂಬ ಊರಿಗೆ ಹೋಗಿ ಬಾಸೆಲ್ ಮಿಷನ್ ಸೇರಿದರು. ಯುವಕರಿಗೆ ತರಬೇತಿ ಕೊಟ್ಟು ಧರ್ಮ ಪ್ರಚಾರಕ್ಕೆ ದೂರ ದೇಶಗಳಿಗೆ ಕಳಿಸುತ್ತಿದ್ದ ಸಂಸ್ಥೆ ಅದು.

ಬಾಸೆಲ್ ಮಿಷನ್ ಎಂದರೆ ಏನು?

ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಅವರಿಗೆ ಒಂದು ನಂಬಿಕೆ ಇತ್ತು. ಭಾನುವಾರ ಚರ್ಚಿಗೆ ಹೋಗಿ ಪ್ರಾರ್ಥನೆ ಮಾಡಿ, ಸೋಮವಾರ ಅಂಗಡಿಯಲ್ಲಿ ತೂಕ ಕಡಿಮೆ ಮಾಡಿದರೆ ಆ ಪ್ರಾರ್ಥನೆ ವ್ಯರ್ಥ. ದೇವರು ಚರ್ಚಿನಲ್ಲಿ ಮಾತ್ರ ಅಲ್ಲ, ಕೆಲಸದ ಜಾಗದಲ್ಲೂ ನೋಡುತ್ತಿರುತ್ತಾನೆ. ಆದ್ದರಿಂದ ಕೈಗೆ ಬಂದ ಕೆಲಸವನ್ನು ಪೂರ್ತಿ ಮನಸ್ಸಿಟ್ಟು ಮಾಡಬೇಕು. ಈ ನಂಬಿಕೆಯಿಂದಲೇ ಅವರು ಬರೀ ಬೋಧನೆ ಮಾಡದೆ ಶಾಲೆ, ನೇಯ್ಗೆ, ಅಚ್ಚುಕೂಟ, ಹೆಂಚಿನ ಕಾರ್ಖಾನೆ ಶುರು ಮಾಡಿದರು. ಹೊಸದಾಗಿ ಕ್ರೈಸ್ತರಾದವರು ಊರು, ಮನೆ, ಕಸುಬು ಕಳೆದುಕೊಳ್ಳುತ್ತಿದ್ದರು. ಅವರಿಗೆ ದುಡಿಮೆ ಬೇಕಾಗಿತ್ತು ಎಂಬುದೂ ಒಂದು ಕಾರಣ.

ನಮ್ಮ ಹುಣಸೂರು, ಪಿರಿಯಾಪಟ್ಟಣ ಕಡೆಯ ಹಳೇ ಮನೆಗಳ ಮೇಲೆ ಮಂಗಳೂರು ಹೆಂಚು ನೋಡಿದ್ದೀರಲ್ಲಾ? ಆ ಹೆಂಚನ್ನು 1865ರಲ್ಲಿ ಮಂಗಳೂರಿನಲ್ಲಿ ಶುರು ಮಾಡಿದವರು ಇದೇ ಮಿಷನ್ನಿನ ಪ್ಲೆಬ್ಸ್ಟ್ ಎಂಬವರು. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನು 1843ರಲ್ಲಿ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಅವರೂ ಇದೇ ಮಿಷನ್ನಿನವರು. ಹಾಗೆ ನೋಡಿದರೆ ನಮ್ಮ ಗೋಡೆ ಪತ್ರಿಕೆಗೆ ಅವರು ಮುತ್ತಜ್ಜ ಇದ್ದಂಗೆ!

ಕನ್ನಡ ನಾಡಿಗೆ ಬಂದದ್ದು

ಕಿಟ್ಟೆಲ್ ಅವರು 1853ರಲ್ಲಿ ಭಾರತಕ್ಕೆ ಬಂದರು. ಆಗ ಅವರಿಗೆ 21 ವರ್ಷ. ಆಗ ವಿಮಾನ ಇರಲಿಲ್ಲ. ಸೂಯೆಜ್ ಕಾಲುವೆಯೂ ಇರಲಿಲ್ಲ, ಅದು ತೆರೆದದ್ದು 1869ರಲ್ಲಿ. ಮನೆಯವರನ್ನು ಬಿಟ್ಟು ಅಷ್ಟು ದೂರ ಹೊರಟರೆ ಮತ್ತೆ ಮುಖ ನೋಡುತ್ತೇವೆ ಎಂಬ ಗ್ಯಾರಂಟಿ ಇರಲಿಲ್ಲ.

ಅವರು ಧಾರವಾಡ, ಮಂಗಳೂರು, ಮಡಿಕೇರಿ ಈ ಊರುಗಳಲ್ಲಿ ಕೆಲಸ ಮಾಡಿದರು. ಮಡಿಕೇರಿ ನಮಗೆ ದೂರವೇನಲ್ಲ. ಹುಣಸೂರು, ಪಿರಿಯಾಪಟ್ಟಣ ದಾಟಿ ಬಸ್ಸು ಕುಶಾಲನಗರಕ್ಕೆ ಹೋಗುತ್ತೆ, ಅಲ್ಲಿಂದ ಘಾಟಿ ಹತ್ತಿದರೆ ಮಡಿಕೇರಿ. ಅಂದರೆ ಕಿಟ್ಟೆಲ್ ಸಾಹೇಬರು ನಮ್ಮ ನೆರೆಯ ಜಿಲ್ಲೆಯಲ್ಲಿ ಇದ್ದವರು.

ಬಂದ ಹೊಸದರಲ್ಲೇ ಅವರಿಗೂ ಮಿಷನ್ನಿನ ಹಿರಿಯರಿಗೂ ಸರಿಬರಲಿಲ್ಲ. ಯಾಕೆಂದರೆ ಕಿಟ್ಟೆಲ್ಲರು ದೊರೆಗಳ ಥರ ಬಂಗಲೆಯಲ್ಲಿ ಕೂತು ಬೋಧನೆ ಮಾಡುವುದು ಸರಿಯಲ್ಲ ಎಂದು ತಿಳಿದಿದ್ದರು. ಈ ನಾಡಿನ ಜನರ ಜೊತೆ ಅವರ ಹಾಗೇ ಬಾಳಬೇಕು, ಅವರ ಭಾಷೆಯನ್ನು ಅವರ ಹಾಗೇ ಆಡಬೇಕು, ಅವರ ಪುಸ್ತಕ ಓದಬೇಕು ಎಂಬುದು ಅವರ ಹಟ. ಹಿರಿಯರಿಗೆ ಇದು ಹಿಡಿಸಲಿಲ್ಲ. ಹೊಸದಾಗಿ ಬಂದ ಹುಡುಗ ನಮಗೇ ಬುದ್ಧಿ ಹೇಳ್ತಾನಾ ಅಂತ ಅನ್ನಿಸಿರಬಹುದು. ಇದರಿಂದ ಕಿಟ್ಟೆಲ್ಲರು ಬಹಳ ಕಷ್ಟಪಟ್ಟರು. ಧರ್ಮ ಪ್ರಚಾರದಲ್ಲಿ ಅವರಿಗೆ ಹೇಳಿಕೊಳ್ಳುವಂಥ ಯಶಸ್ಸೂ ಸಿಗಲಿಲ್ಲ. ಬೇರೆಯವರಾಗಿದ್ದರೆ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಹೋಗುತ್ತಿದ್ದರು. ಇವರು ಹೋಗಲಿಲ್ಲ. ಮೌನವಾಗಿ ಕನ್ನಡ ಕಲಿತರು.

ಸಂಸಾರ ಮತ್ತು ಪುಸ್ತಕಗಳು

1860ರಲ್ಲಿ ಅವರು ಪೌಲೀನ್ ಎಂಬವರನ್ನು ಮದುವೆಯಾದರು. ಆದರೆ ನಾಲ್ಕೇ ವರ್ಷದಲ್ಲಿ, 1864ರಲ್ಲಿ, ಪೌಲೀನ್ ತೀರಿಕೊಂಡರು. ಆ ಕಾಲದಲ್ಲಿ ಇಲ್ಲಿಗೆ ಬಂದ ಎಷ್ಟೋ ಜನ ವಿದೇಶಿಯರು ಜ್ವರ, ಭೇದಿ ಬಂದು ಚಿಕ್ಕ ವಯಸ್ಸಿಗೇ ಸಾಯುತ್ತಿದ್ದರು. ಕಿಟ್ಟೆಲ್ಲರು ಆಮೇಲೆ ಪೌಲೀನ್ ಅವರ ಸಹೋದರಿ ಜೂಲಿಯನ್ನು ಮದುವೆಯಾದರು.

ಇಷ್ಟು ದುಃಖ ಇದ್ದರೂ ಅವರ ಲೇಖನಿ ನಿಲ್ಲಲಿಲ್ಲ. ಯೇಸುಕ್ರಿಸ್ತನ ಚರಿತ್ರೆಯನ್ನು ಕನ್ನಡ ಪದ್ಯದಲ್ಲಿ ಬರೆದು 1862ರಲ್ಲಿ ಕಥಾಮಾಲೆ ಎಂಬ ಹೆಸರಿನಿಂದ ಪ್ರಕಟಿಸಿದರು. ಕೇಶಿರಾಜನ ಶಬ್ದಮಣಿದರ್ಪಣ ನಮ್ಮ ಹಳಗನ್ನಡದ ವ್ಯಾಕರಣ. ಕಿಟ್ಟೆಲ್ಲರು ಅದನ್ನು ತಾಳೆಗರಿ ಪ್ರತಿಗಳನ್ನು ಹೋಲಿಸಿ ನೋಡಿ 1872ರಲ್ಲಿ ಅಚ್ಚು ಮಾಡಿಸಿದರು. ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿ ಹೊರತಂದರು. ಛಂದಸ್ಸು ಎಂದರೆ ಲಘು ಗುರು ಹಾಕುವ ಲೆಕ್ಕ. ಅದು ನಮಗೇ ತಲೆನೋವು. ಜರ್ಮನಿಯವರು ಅದನ್ನು ಕಲಿತು ಪುಸ್ತಕ ಮಾಡಿದ್ದಾರೆ ಎಂದರೆ ಆಶ್ಚರ್ಯ ಅಲ್ವಾ?

ಇಲ್ಲಿ ಒಂದು ವಿಷಯ ಗಮನಿಸಬೇಕು. ಕೇಶಿರಾಜ ಜೈನ ಕವಿ. ಕಿಟ್ಟೆಲ್ಲರು ಲಿಂಗಾಯತರ ಪುರಾಣ ಕಥೆಗಳ ಮೇಲೂ ಬರೆದಿದ್ದಾರೆ. ಅವರಿಗೆ ತಮ್ಮ ಧರ್ಮವೇ ಸತ್ಯ ಎಂಬ ಗಟ್ಟಿ ನಂಬಿಕೆ ಇತ್ತು. ಬೇರೆ ಧರ್ಮದ ಆಚಾರಗಳನ್ನು ಒಪ್ಪದೆ ವಾದ ಮಾಡಿಯೂ ಬರೆದಿದ್ದಾರೆ. ಅದನ್ನು ಮುಚ್ಚಿಡಬಾರದು. ಆದರೆ ಬೇರೆಯವರ ಪುಸ್ತಕವನ್ನು ಅಚ್ಚು ಮಾಡಿಸುವಾಗ ಅದರಲ್ಲಿ ಇದ್ದದ್ದನ್ನು ಇದ್ದ ಹಾಗೇ ಮಾಡಿಸಿದರು. ಒಪ್ಪದೇ ಇರುವುದು ಬೇರೆ, ಕೆಲಸದಲ್ಲಿ ಮೋಸ ಮಾಡುವುದು ಬೇರೆ. ಅವರು ಎರಡನೆಯದನ್ನು ಮಾಡಲಿಲ್ಲ.

ನಿಘಂಟಿನ ಕೆಲಸ

1870ರ ಸುಮಾರಿಗೆ ಮಿಷನ್ನಿನವರು ಕಿಟ್ಟೆಲ್ಲರಿಗೆ ಕನ್ನಡ–ಇಂಗ್ಲಿಷ್ ನಿಘಂಟು ತಯಾರಿಸುವ ಕೆಲಸ ಒಪ್ಪಿಸಿದರು. ಅದಕ್ಕೂ ಮುಂಚೆ ನಿಘಂಟು ಇರಲಿಲ್ಲವೇ ಎಂದರೆ ಇತ್ತು. ವಿಲಿಯಂ ರೀವ್ ಎಂಬ ಇನ್ನೊಬ್ಬ ಪಾದ್ರಿ ಮಾಡಿದ್ದರು. ಅದು ಅಚ್ಚಾದದ್ದು 1832ರಲ್ಲಿ, ಕಿಟ್ಟೆಲ್ ಹುಟ್ಟಿದ ವರ್ಷವೇ! ಆದರೆ ಅದು ಸಾಲದಾಗಿತ್ತು. ಕಿಟ್ಟೆಲ್ಲರು ಹಳೆಯದನ್ನೇ ಸ್ವಲ್ಪ ತಿದ್ದಿ ಕೊಟ್ಟಿದ್ದರೂ ಯಾರೂ ಕೇಳುತ್ತಿರಲಿಲ್ಲ. ಅವರು ಹಂಗೆ ಮಾಡಲಿಲ್ಲ, ಕೆಲಸವನ್ನು ಬೇರಿನಿಂದಲೇ ಮಾಡಲು ಹೊರಟರು.

ಅವರು ಮಾಡಿದ ರೀತಿ ಹೀಗೆ:

1. ಹಳಗನ್ನಡ ಕಾವ್ಯ, ವ್ಯಾಕರಣ, ಹಳೆಯ ನಿಘಂಟುಗಳನ್ನು ಓದಿ ಪದಗಳನ್ನು ಆರಿಸಿದರು.

2. ಪುಸ್ತಕದಲ್ಲಿ ಇಲ್ಲದ, ಜನ ಬಾಯಲ್ಲಿ ಆಡುವ ಪದಗಳನ್ನೂ ಸೇರಿಸಿದರು. ಗಾದೆಗಳನ್ನೂ ಸೇರಿಸಿದರು.

3. ಪದ ಯಾವ ಪುಸ್ತಕದಲ್ಲಿ ಸಿಕ್ಕಿತು, ಯಾವ ಸೀಮೆಯಲ್ಲಿ ಆಡುತ್ತಾರೆ ಎಂಬುದನ್ನು ಗುರುತು ಹಾಕಿ ತೋರಿಸಿದರು. ಮೈಸೂರು ಸೀಮೆಯ ಪದಗಳಿಗೆ ಬೇರೆ ಗುರುತು, ಉತ್ತರದ ಕಡೆಯ ಪದಗಳಿಗೆ ಬೇರೆ ಗುರುತು.

4. ಅದೇ ಪದಕ್ಕೆ ತಮಿಳು, ತೆಲುಗು, ಮಲಯಾಳ, ತುಳುವಿನಲ್ಲಿ ಏನು ಹೇಳುತ್ತಾರೆ ಎಂದು ಪಕ್ಕದಲ್ಲಿ ಬರೆದರು. ಹೀಗೆ ನೋಡಿದಾಗ ಈ ಭಾಷೆಗಳೆಲ್ಲ ಒಂದೇ ಮನೆಯ ಅಕ್ಕ ತಂಗಿಯರು ಎಂದು ಗೊತ್ತಾಗುತ್ತೆ.

ಇದರಲ್ಲಿ ಅವರಿಗೆ ಇಲ್ಲಿನ ಕನ್ನಡ ಪಂಡಿತರು ಸಹಾಯ ಮಾಡಿದರು.

ಅವರ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ನಾನು ಒಂದು ಲೆಕ್ಕ ಮಾಡಿದೆ. ದಿನಕ್ಕೆ 10 ಪದದಂತೆ ಒಂದು ದಿನವೂ ರಜೆ ಇಲ್ಲದೆ ಬರೆದರೆ 70,000 ಪದಕ್ಕೆ 7,000 ದಿನ ಬೇಕು. 7,000ವನ್ನು 365ರಿಂದ ಭಾಗಿಸಿದರೆ 19 ವರ್ಷ ಆಗುತ್ತೆ. ಕಿಟ್ಟೆಲ್ಲರಿಗೆ ಹಿಡಿದದ್ದೂ ಹೆಚ್ಚುಕಮ್ಮಿ ಅಷ್ಟೇ, ಇಪ್ಪತ್ತು ವರ್ಷ. ಆಗ ಕಂಪ್ಯೂಟರ್ ಇಲ್ಲ, ವಿದ್ಯುತ್ ದೀಪ ಇಲ್ಲ. ಎಲ್ಲಾ ಕೈಬರಹ. ನಡುವೆ ಒಂದು ಪದ ಹೊಸದಾಗಿ ಸಿಕ್ಕಿದರೆ ಅದನ್ನು ಸರಿಯಾದ ಜಾಗಕ್ಕೆ ಸೇರಿಸಬೇಕು.

ಯಾರೂ ನೋಡದ ಕೆಲಸ

ನನಗೆ ಇಲ್ಲಿ ನಮ್ಮೂರಿನ ಕೆಲಸವೇ ನೆನಪಿಗೆ ಬರುತ್ತೆ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಕಡೆ ಹೊಗೆಸೊಪ್ಪು ಬೆಳೆಯುತ್ತಾರೆ. ಬ್ಯಾರನ್ನಿನಿಂದ ಸೊಪ್ಪು ಇಳಿಸಿದ ಮೇಲೆ ಮನೆಮಂದಿಯೆಲ್ಲ ಕೂತು ಎಲೆ ಎಲೆ ನೋಡಿ ಗ್ರೇಡು ಮಾಡುತ್ತಾರೆ. ಬಣ್ಣ ಚೆನ್ನಾಗಿರುವುದು ಒಂದು ಕಡೆ, ಕಪ್ಪಾಗಿರುವುದು ಒಂದು ಕಡೆ. ಬೇಲಿನ ಮೇಲೆ ಒಳ್ಳೆಯ ಎಲೆ ಇಟ್ಟು ನಡುವೆ ಕೆಟ್ಟ ಎಲೆ ತುರುಕಿದರೆ ತಕ್ಷಣ ಯಾರಿಗೂ ಕಾಣೋದಿಲ್ಲ. ಆದರೂ ಹಾಗೆ ಮಾಡದೆ, ಒಳಗೂ ಹೊರಗೂ ಒಂದೇ ಥರ ಕಟ್ಟುವವರು ಇದ್ದಾರೆ. ಕೆ.ಆರ್. ನಗರದ ಕಡೆ ಬತ್ತ ಅಳೆಯುವಾಗಲೂ ಹಾಗೇ. ಕೊಳಗವನ್ನು ತುಂಬಿಸಿ ಅಳೆಯುವವರೂ ಇದ್ದಾರೆ, ಬೆರಳು ಒಳಗಿಟ್ಟು ಅಳೆಯುವವರೂ ಇದ್ದಾರೆ.

ನಿಘಂಟೂ ಅಂಥ ಬೇಲೇ. 1,700ಕ್ಕೂ ಹೆಚ್ಚು ಪುಟದ ಪುಸ್ತಕವನ್ನು ಮೊದಲಿನಿಂದ ಕೊನೆವರೆಗೂ ಯಾರು ಓದುತ್ತಾರೆ? ಒಬ್ಬರೂ ಓದೋದಿಲ್ಲ. ಬೇಕಾದ ಪದ ನೋಡಿ ಮುಚ್ಚಿಡುತ್ತಾರೆ. ನಡುವಿನ ಪುಟದಲ್ಲಿ ಗೊತ್ತಿಲ್ಲದ ಪದಕ್ಕೆ ಏನೋ ಒಂದು ಅರ್ಥ ಊಹೆ ಮಾಡಿ ಬರೆದಿದ್ದರೆ ಐವತ್ತು ವರ್ಷ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಕಿಟ್ಟೆಲ್ಲರು ಪದ ಎಲ್ಲಿಂದ ಬಂತು ಎಂದು ಪಕ್ಕದಲ್ಲೇ ಬರೆದರು. ಹಾಗೆ ಬರೆಯುವುದು ಎಂದರೆ, ಬೇಕಾದರೆ ನೀವೂ ಹೋಗಿ ಪರೀಕ್ಷೆ ಮಾಡಿ ನೋಡಿ ಎಂದು ಬಾಗಿಲು ತೆರೆದಿಟ್ಟ ಹಾಗೆ. ಮೋಸ ಮಾಡುವವನು ಬಾಗಿಲು ತೆರೆದಿಡುವುದಿಲ್ಲ.

ಕಷ್ಟದ ವರ್ಷಗಳು

1877ರಲ್ಲಿ ಅವರು ಜರ್ಮನಿಗೆ ವಾಪಸ್ ಹೋದರು. ಅಲ್ಲಿ ಕೂತು ನಿಘಂಟು ಮುಂದುವರಿಸಿದರು. ಆದರೆ ಒಂದು ತೊಂದರೆ ಎದುರಾಯಿತು. ಪುಸ್ತಕದ ಪದ ಪುಸ್ತಕದಲ್ಲಿ ಸಿಗುತ್ತೆ, ಬಾಯಿ ಮಾತಿನ ಪದ ಎಲ್ಲಿ ಸಿಗುತ್ತೆ? ಜರ್ಮನಿಯ ಬೀದಿಯಲ್ಲಿ ಕನ್ನಡ ಆಡುವವರು ಯಾರಿದ್ದಾರೆ? ಅರ್ಥದಲ್ಲಿ ಅನುಮಾನ ಬಂದರೆ ಯಾರನ್ನು ಕೇಳಬೇಕು?

ಆಗ ಅವರ ಮುಂದೆ ಎರಡು ದಾರಿ ಇತ್ತು. ಇದ್ದಷ್ಟನ್ನೇ ಮುಗಿಸಿ ಹೆಂಡತಿ ಮಕ್ಕಳ ಜೊತೆ ನೆಮ್ಮದಿಯಾಗಿ ಇರುವುದು ಒಂದು. ಮತ್ತೆ ಇಲ್ಲಿಗೆ ಬಂದು ಸರಿಯಾಗಿ ಮುಗಿಸುವುದು ಇನ್ನೊಂದು. 1883ರಲ್ಲಿ, 51ನೇ ವಯಸ್ಸಿನಲ್ಲಿ, ಅವರು ಸಂಸಾರವನ್ನು ಜರ್ಮನಿಯಲ್ಲೇ ಬಿಟ್ಟು ಮತ್ತೆ ಬಂದರು. 1892ರವರೆಗೆ ಇಲ್ಲೇ ದುಡಿದರು. ಒಂಬತ್ತು ವರ್ಷ! ಆ ಒಂಬತ್ತು ವರ್ಷದಲ್ಲಿ ಅವರಿಗೂ ಮನೆಯವರಿಗೂ ನಡುವೆ ಕಾಗದವೇ ಆಸರೆ. ಹಗಲು ರಾತ್ರಿ ಸಣ್ಣ ಅಕ್ಷರ ನೋಡಿ ನೋಡಿ ಅವರ ಕಣ್ಣೂ ಕೆಟ್ಟಿತು.

ಇದು ಸರಿಯೋ ತಪ್ಪೋ ಎಂದು ನನಗೆ ಹೇಳಲು ಬರುವುದಿಲ್ಲ. ಅವರ ಮಕ್ಕಳ ಜಾಗದಲ್ಲಿ ನಾನಿದ್ದರೆ ಅಪ್ಪ ಬೇಕು ಅಂತ ಅಳುತ್ತಿದ್ದೆ. ಕನ್ನಡಕ್ಕೆ ಸಿಕ್ಕ ನಿಘಂಟಿನ ಬೆಲೆಯಲ್ಲಿ ಆ ಮಕ್ಕಳ ಪಾಲೂ ಇದೆ, ಜೂಲಿ ಅಮ್ಮನವರ ಪಾಲೂ ಇದೆ. ಅದನ್ನು ನಾವು ಮರೆಯಬಾರದು.

ನಿಘಂಟು ಅಚ್ಚಾಯಿತು

1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಕೂಟದಲ್ಲಿ ನಿಘಂಟು ಅಚ್ಚಾಗಿ ಹೊರಬಂತು. ಕಿಟ್ಟೆಲ್ಲರಿಗೆ ಆಗ 62 ವರ್ಷ. ಆಗಿನ ಅಚ್ಚು ಎಂದರೆ ಒಂದೊಂದು ಅಕ್ಷರದ ಸೀಸದ ಮೊಳೆಯನ್ನೂ ಕೈಯಲ್ಲಿ ಆರಿಸಿ ಸಾಲು ಜೋಡಿಸಬೇಕು. ಕನ್ನಡದಲ್ಲಿ ಒತ್ತಕ್ಷರ, ದೀರ್ಘ, ಕೊಂಬು ಎಲ್ಲಾ ಇದೆ, ಜೊತೆಗೆ ಇಂಗ್ಲಿಷ್ ಅಕ್ಷರ. ಮೊಳೆ ಜೋಡಿಸಿದ ಆ ಕೆಲಸಗಾರರ ಹೆಸರು ನಿಘಂಟಿನ ಮೇಲೆ ಇಲ್ಲ. ಅವರ ಪ್ರಾಮಾಣಿಕತೆ ಇಲ್ಲದಿದ್ದರೆ ಕಿಟ್ಟೆಲ್ಲರ ಇಪ್ಪತ್ತು ವರ್ಷ ನೀರಿನಲ್ಲಿ ಹೋಮ ಮಾಡಿದಂತೆ ಆಗುತ್ತಿತ್ತು.

1896ರಲ್ಲಿ ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಅಷ್ಟಕ್ಕೇ ಅವರು ಸುಮ್ಮನೆ ಕೂರಲಿಲ್ಲ. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ವಿವರಿಸುವ ಕನ್ನಡ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದರು. ಅದು 1903ರಲ್ಲಿ ಅಚ್ಚಾಯಿತು. ಅದೇ ವರ್ಷ ಡಿಸೆಂಬರ್ ತಿಂಗಳಲ್ಲಿ, 71ನೇ ವಯಸ್ಸಿನಲ್ಲಿ, ಟ್ಯೂಬಿಂಗೆನ್ನಿನಲ್ಲಿ ಅವರು ತೀರಿಕೊಂಡರು.

ಅವರು ಹೋದ ಮೇಲೆ

ಮದ್ರಾಸು ವಿಶ್ವವಿದ್ಯಾನಿಲಯದವರು ಮರಿಯಪ್ಪ ಭಟ್ಟರಿಂದ ಈ ನಿಘಂಟನ್ನು ಪರಿಷ್ಕರಿಸಿ 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ಹೊರತಂದರು. ಕನ್ನಡ ಸಾಹಿತ್ಯ ಪರಿಷತ್ತು ಎಂಟು ಸಂಪುಟದ ದೊಡ್ಡ ಕನ್ನಡ ನಿಘಂಟು ಮಾಡಿದೆ. ಆ ಕೆಲಸದಲ್ಲಿ ದುಡಿದ ಪ್ರೊಫೆಸರ್ ಜಿ. ವೆಂಕಟಸುಬ್ಬಯ್ಯನವರು ನೂರು ವರ್ಷ ದಾಟಿ ಬಾಳಿ 2021ರಲ್ಲಿ ತೀರಿಕೊಂಡರು. ಅಂಥ ದೊಡ್ಡ ಕೆಲಸಗಳಿಗೆಲ್ಲ ಕಿಟ್ಟೆಲ್ ನಿಘಂಟು ಮೆಟ್ಟಿಲಾಯಿತು. ಧಾರವಾಡದಲ್ಲಿ ಕಿಟೆಲ್ ಹೆಸರಿನ ಕಾಲೇಜು ಇದೆ. ಬೆಂಗಳೂರಿನಲ್ಲಿ ಅವರ ಪ್ರತಿಮೆ ಇದೆ.

ಧರ್ಮ ಪ್ರಚಾರಕರಾಗಿ ಕಿಟ್ಟೆಲ್ಲರು ಗೆಲ್ಲಲಿಲ್ಲ. ಆದರೆ ಹಿಂದೂಗಳು, ಮುಸ್ಲಿಮರು, ಜೈನರು, ಕ್ರೈಸ್ತರು ಎನ್ನದೆ ಎಲ್ಲಾ ಕನ್ನಡಿಗರೂ ಅವರ ಹೆಸರನ್ನು ಗೌರವದಿಂದ ಹೇಳುತ್ತಾರೆ. ನಾವು ಬೇರೆ ಬೇರೆ ದೇವರಿಗೆ ಕೈ ಮುಗಿಯುವವರು. ಅವರ ಧರ್ಮವನ್ನು ನಾವು ತೆಗೆದುಕೊಳ್ಳಬೇಕಾಗಿಲ್ಲ. ಆದರೆ ಆ ಧರ್ಮ ಅವರಿಗೆ ಕಲಿಸಿದ ಕೆಲಸದ ನಿಯತ್ತು ಎಲ್ಲರಿಗೂ ಬೇಕು. ನಮ್ಮ ಬಸವಣ್ಣನವರೂ ಶರಣರೂ ಕಾಯಕದ ಬಗ್ಗೆ ಹೇಳಿದ್ದು ಇದನ್ನೇ ಅಲ್ಲವೇ? ಎಂಟು ನೂರು ವರ್ಷ ಹಿಂದಿನ ಶರಣರೂ, ಸಮುದ್ರದ ಆಚೆಯ ಪಾದ್ರಿಯೂ ಒಂದೇ ಕಡೆ ಬಂದು ನಿಂತ ಹಾಗೆ ಕಾಣುತ್ತೆ.

ನಮಗೆ ಏನು ಪಾಠ?

ನಾವು ಇಪ್ಪತ್ತು ವರ್ಷದ ಕೆಲಸ ಮಾಡಬೇಕಾಗಿಲ್ಲ. ಮೇಷ್ಟ್ರು ನೋಡದಿದ್ದಾಗಲೂ ಲೆಕ್ಕವನ್ನು ಹಂತ ಹಂತವಾಗಿ ಮಾಡಬಹುದು. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಬಹುದು. ಶಾಲೆಯ ಗಿಡಕ್ಕೆ ಪಾಳಿ ಪ್ರಕಾರ ನೀರು ಹಾಕುವಾಗ ಬುಡಕ್ಕೆ ಇಳಿಯುವ ತನಕ ಹಾಕಬಹುದು.

ಇನ್ನೂ ಒಂದು ಕೆಲಸ ಇದೆ. ಕಿಟ್ಟೆಲ್ಲರು ಕೇಳಿ ಬರೆದುಕೊಂಡಂಥ ಪದಗಳು ನಮ್ಮ ಅಜ್ಜ ಅಜ್ಜಿಯರ ಬಾಯಲ್ಲಿ ಈಗಲೂ ಇವೆ. ರಾಗಿ ತುಂಬಿಡುತ್ತಿದ್ದ ಹಗೇವು, ನೀರೆತ್ತುತ್ತಿದ್ದ ಏತ, ಕಣದ ರೋಣಗಲ್ಲು, ಕುಕ್ಕೆ, ಮಂಕರಿ, ಗೂಡೆ. ಇವುಗಳಲ್ಲಿ ಕೆಲವನ್ನು ನಾವು ಕಣ್ಣಲ್ಲೂ ನೋಡಿಲ್ಲ. ವಸ್ತು ಹೋದ ಮೇಲೆ ಪದವೂ ಹೋಗುತ್ತೆ.

ಅದಕ್ಕೇ ಈ ಲೇಖನದ ಪಕ್ಕದಲ್ಲಿ ಒಂದು ಖಾಲಿ ಹಾಳೆ ಅಂಟಿಸಿ, ಪೆನ್ಸಿಲ್ಲಿಗೆ ದಾರ ಕಟ್ಟಿ ನೇತು ಹಾಕಿದ್ದೇವೆ. ಮನೆಯಲ್ಲಿ ಹಿರಿಯರನ್ನು ಕೇಳಿ ಒಬ್ಬೊಬ್ಬರೂ ಒಂದೊಂದು ಪದ ಬರೆಯಿರಿ. ಪದ, ಅದರ ಅರ್ಥ, ಯಾವ ಊರಿನಲ್ಲಿ ಆಡುತ್ತಾರೆ, ಈ ಮೂರೂ ಇರಬೇಕು. ಊಹೆ ಮಾಡಿ ಬರೆಯಬೇಡಿ. ಅರ್ಥ ಸರಿಯಾಗಿ ಗೊತ್ತಿಲ್ಲದಿದ್ದರೆ ಅಲ್ಲಿ ಪ್ರಶ್ನೆ ಗುರುತು ಹಾಕಿ ಬಿಡಿ, ಗೊತ್ತಿರುವವರು ಬಂದು ತುಂಬುತ್ತಾರೆ. ಮುಂದಿನ ಗೋಡೆ ಪತ್ರಿಕೆಯಲ್ಲಿ ಅವನ್ನೆಲ್ಲ ಅ ಆ ಇ ಈ ಸಾಲಿನಲ್ಲಿ ಜೋಡಿಸಿ ಹಾಕುತ್ತೇವೆ.

– ಏಳನೇ ತರಗತಿ, ಕನ್ನಡ ಮಾಧ್ಯಮ